ಪಂಪ್ ಕೊಟ್ಟರೆ ಸಾಲದು, ಎಳೆಯಲು ಕಲಿಸಬೇಕು: ದಾವಣಗೆರೆ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ದಾವಣಗೆರೆ.
ಜೊತೆಗೆ ನಮ್ಮೂರಿನ ವೈದ್ಯಕೀಯ, ನರ್ಸಿಂಗ್ ಮತ್ತು ಫಾರ್ಮಸಿ ಕಾಲೇಜುಗಳ ಮುಖ್ಯಸ್ಥರಿಗೂ.

ಮಾನ್ಯರೇ,

ಹಳೇ ದಾವಣಗೆರೆಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ನಾನು ಓದಿದ್ದು ಬಿ.ಫಾರ್ಮ. ಒಂದೇ ಒಂದು ಬೇಡಿಕೆ ಇಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಸಿಒಪಿಡಿ ಅನ್ನುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರನ್ನು ನೋಡಿಕೊಳ್ಳುವ ಎಲ್ಲರಿಗೂ ನಮ್ಮ ಜಿಲ್ಲೆಯಲ್ಲಿ ಸರಿಯಾದ ತರಬೇತಿ ಕೊಡಿ. ಎಲ್ಲರಿಗೂ ಅಂದರೆ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟರು, ನರ್ಸು, ಸಮುದಾಯ ಆರೋಗ್ಯಾಧಿಕಾರಿ, ಆಶಾ ಕಾರ್ಯಕರ್ತೆ, 108 ಆಂಬುಲೆನ್ಸ್ ಸಿಬ್ಬಂದಿ, ಫಿಸಿಯೋಥೆರಪಿಸ್ಟ್, ನನ್ನಂಥ ಔಷಧಿ ಅಂಗಡಿಯವರು. ಕುರ್ಚಿ ಹಾಕಿ ಕೂರಿಸಿ ಸ್ಲೈಡ್ ತೋರಿಸುವ ತರಬೇತಿ ಬೇಡ. ಸಾಧನವನ್ನು ಕೈಗೆ ಕೊಟ್ಟು ಕಲಿಸುವ ತರಬೇತಿ ಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅನ್ನುವುದಕ್ಕೆ ನನ್ನ ಕೌಂಟರ್ ಮುಂದೆ ಕಾಣುವುದನ್ನು ಹೇಳಬೇಕು.

ಸಾಧನದಲ್ಲಿ ಹಾಕಿ ಬಾಯಿಂದ ಎಳೆದುಕೊಳ್ಳಬೇಕಾದ ರೋಟಾಕ್ಯಾಪ್ ಅನ್ನು ನೀರಿನ ಜೊತೆ ನುಂಗುವವರಿದ್ದಾರೆ. ನೋಡಲು ಅದು ಮಾಮೂಲಿ ಕ್ಯಾಪ್ಸೂಲ್ ಥರಾನೇ ಇರುತ್ತದೆ. ಜಗಳೂರು ಕಡೆಯ ಒಬ್ಬ ಅಜ್ಜಿ ಖಾಲಿ ಡಬ್ಬಿ ತಂದು ಕೌಂಟರ್ ಮೇಲಿಟ್ಟು, "ಎರಡು ಹೊತ್ತೂ ತಪ್ಪದೆ ನುಂಗೀನಿ ಕಣವ್ವ, ದಮ್ಮು ಮಾತ್ರ ಇಳಿದಿಲ್ಲ" ಅಂದರು. ಅದರ ಜೊತೆ ಕೊಟ್ಟಿದ್ದ ಪ್ಲಾಸ್ಟಿಕ್ ಸಾಧನ ಮನೆಯಲ್ಲಿ ಗೋಡೆಯ ಗೂಡಿನಲ್ಲಿ ಇತ್ತಂತೆ. ಅದು ಯಾತಕ್ಕೆ ಅಂತ ಅವರಿಗೆ ಗೊತ್ತಿರಲಿಲ್ಲ. ಔಷಧಿ ಬರೆದವರು ಹೇಳಿರಲಿಲ್ಲ, ಕೊಟ್ಟವರೂ ಹೇಳಿರಲಿಲ್ಲ.

ಪಂಪ್, ಅಂದರೆ ಒತ್ತಿದರೆ ಔಷಧಿ ಚಿಮ್ಮುವ ಇನ್‌ಹೇಲರ್, ತಗೊಳ್ಳುವವರದು ಇನ್ನೊಂದು ಕಥೆ. ಕೆಲವರು ಅದನ್ನು ಅಲುಗಾಡಿಸುವುದೇ ಇಲ್ಲ. ಕೆಲವರು ಬಾಯಿ ತೆರೆದು ನಾಲಿಗೆ ಮೇಲೆ ಹೊಡೆದುಕೊಂಡು ಬಾಯಿ ಮುಚ್ಚುತ್ತಾರೆ. ಒತ್ತುವುದು ಒಂದು ಕ್ಷಣ, ಉಸಿರು ಎಳೆಯುವುದು ಇನ್ನೊಂದು ಕ್ಷಣ ಆಗುತ್ತದೆ. ಔಷಧಿಯೆಲ್ಲ ಗಂಟಲಲ್ಲೇ ಉಳಿಯುತ್ತದೆ. ತಿಂಗಳಿಗೆ ನೂರಾರು ರೂಪಾಯಿ ಖರ್ಚು, ಎದೆಗೆ ಹೋಗುವುದು ಏನೂ ಇಲ್ಲ. ಆಮೇಲೆ "ಪಂಪ್ ನನಗೆ ಒಗ್ಗಲ್ಲ" ಅಂತ ಬಿಟ್ಟುಬಿಡುತ್ತಾರೆ. ಹಳೇ ಚೀಟಿ ಹಿಡಿದು ಸ್ಟೀರಾಯ್ಡ್ ಮಾತ್ರೆ ಕೇಳಿಕೊಂಡು ಬರುತ್ತಾರೆ. ಅದು ತಕ್ಷಣಕ್ಕೆ ಆರಾಮ ಕೊಡುತ್ತದೆ. ತಿಂಗಳುಗಟ್ಟಲೆ ನುಂಗಿದರೆ ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಇದನ್ನೂ ಅವರಿಗೆ ಯಾರೂ ಹೇಳಿರುವುದಿಲ್ಲ.

ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. "ಯಾರು ತೋರಿಸಿಕೊಟ್ಟರು?" ಅಂತ ಕೇಳಿದರೆ ಹೆಚ್ಚಿನವರು ಹೇಳುವುದು "ಯಾರೂ ಇಲ್ಲ" ಅಂತಲೇ.

ಹಾಗಂತ ಡಾಕ್ಟರುಗಳನ್ನೋ ನರ್ಸುಗಳನ್ನೋ ದೂರಲು ಈ ಪತ್ರ ಬರೆಯುತ್ತಿಲ್ಲ. ಅವರಿಗಾದರೂ ಯಾರು ಕಲಿಸಿದ್ದಾರೆ? 2018ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಬೇರೆ ಬೇರೆ ದೇಶಗಳ 55 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಆರು ಸಾವಿರಕ್ಕೂ ಹೆಚ್ಚು ಡಾಕ್ಟರು, ನರ್ಸು, ಫಾರ್ಮಸಿಸ್ಟುಗಳ ಕೈಗೆ ಇನ್‌ಹೇಲರ್ ಕೊಟ್ಟು ಬಳಸಿ ತೋರಿಸಿ ಅಂದಾಗ ಸರಿಯಾಗಿ ಮಾಡಿದ್ದು ಶೇ 15.5 ಮಾತ್ರ. ಅಂದರೆ ಕಲಿಸಬೇಕಾದ ನೂರು ಜನರಲ್ಲಿ ಎಂಬತ್ತಕ್ಕೂ ಹೆಚ್ಚು ಜನರಿಗೆ ತಮಗೇ ಬರುವುದಿಲ್ಲ. ರೋಗಿಗಳ ಬಗ್ಗೆ 2016ರಲ್ಲಿ ಬಂದ ಇನ್ನೊಂದು ವಿಮರ್ಶೆ 1975ರಿಂದ 2014ರ ತನಕದ ಅಧ್ಯಯನಗಳನ್ನು ನೋಡಿತು. ಸರಿಯಾಗಿ ಬಳಸುವ ರೋಗಿಗಳು ಶೇ 31 ಮಾತ್ರ. ಆ ನಲವತ್ತು ವರ್ಷಗಳಲ್ಲಿ ಸಾಧನಗಳು ಎಷ್ಟೋ ಬದಲಾದವು, ಬಳಸುವ ರೀತಿ ಮಾತ್ರ ಸುಧಾರಿಸಲಿಲ್ಲ. ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟರೆ ಎಲ್ಲಿ ಕೈ ಹಾಕಬೇಕು ಅನ್ನುವುದು ತಿಳಿಯುತ್ತದೆ, ಅಲ್ವಾ? ಮೊದಲು ಕಲಿಸುವವರಿಗೆ ಕಲಿಸಬೇಕು.

ಇದು ನಮ್ಮ ಜಿಲ್ಲೆಗೆ ಯಾಕೆ ಇಷ್ಟು ಮುಖ್ಯ ಅಂತ ಕೇಳಬಹುದು. ಸಿಒಪಿಡಿ ಅಂದ ಕೂಡಲೇ ಬೀಡಿ, ಸಿಗರೇಟು ನೆನಪಾಗುತ್ತದೆ. ಅದು ನಿಜ, ಬೀಡಿ ದೊಡ್ಡ ಕಾರಣ. ಆದರೆ ನನ್ನ ಅಂಗಡಿಗೆ ದಮ್ಮಿಗೆ ಔಷಧಿ ಕೇಳಿಕೊಂಡು ಬರುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಬೀಡಿ ಮುಟ್ಟಿದವರೇ ಅಲ್ಲ. ಅವರು ಹೊಗೆ ಕುಡಿದದ್ದು ಒಲೆ ಮುಂದೆ. ಗ್ಯಾಸ್ ಬಂದಿದೆ ನಿಜ, ಉಜ್ವಲ ಯೋಜನೆ ಶುರುವಾಗಿದ್ದೂ 2016ರಲ್ಲೇ. ಆದರೆ ಹಳ್ಳಿಗಳಲ್ಲಿ ನೀರು ಕಾಯಿಸಲು, ರೊಟ್ಟಿ ಬಡಿಯಲು ಸೌದೆ ಒಲೆ ಇನ್ನೂ ಉರಿಯುತ್ತದೆ. ಅದಕ್ಕೂ ಹೆಚ್ಚಾಗಿ, ಮೂವತ್ತು ವರ್ಷ ಹೊಗೆ ಕುಡಿದ ಎದೆ ಸಿಲಿಂಡರ್ ಬಂದ ದಿನ ಹೊಸದಾಗುವುದಿಲ್ಲ.

ಮನೆಯ ಹೊಗೆ ಒಂದೇ ಅಲ್ಲ. ನಮ್ಮ ಮಂಡಕ್ಕಿ ಭಟ್ಟಿಗಳನ್ನು ನೋಡಿ. ಕಾದ ಮರಳಿನ ಮುಂದೆ, ಹೊಗೆ ಮತ್ತು ದೂಳಿನ ನಡುವೆ ಜೀವಮಾನವಿಡೀ ದುಡಿಯುವ ಕುಟುಂಬಗಳಿವೆ. ಗಂಡಸರು, ಹೆಂಗಸರು, ಇಬ್ಬರೂ. ಬೆಣ್ಣೆದೋಸೆಗೆ ನಮ್ಮೂರು ಹೆಸರುವಾಸಿ, ಆ ಸೌದೆ ಒಲೆಯ ಮುಂದೆ ದಿನವಿಡೀ ನಿಲ್ಲುವವರ ಎದೆಯ ಬಗ್ಗೆ ಯಾರಾದರೂ ಕೇಳಿದ್ದೀವಾ? ಮೆಕ್ಕೆಜೋಳ ಬಿಡಿಸುವ ಮಷೀನಿನ ದೂಳು, ರೈಸ್ ಮಿಲ್ಲಿನ ತೌಡು, ಚನ್ನಗಿರಿ ಕಡೆ ಅಡಿಕೆ ಬೇಯಿಸುವ ಹಂಡೆಯ ಹೊಗೆ. ಚಿತ್ರದುರ್ಗದ ಭೀಮಸಮುದ್ರದ ಕಡೆಯಿಂದ ಬರುವವರು ಗಣಿ ಲಾರಿಗಳ ದೂಳಿನ ಮಾತಾಡುತ್ತಾರೆ. ಒಂದು ಕಾಲಕ್ಕೆ ಇಲ್ಲಿ ಹತ್ತಿ ಗಿರಣಿಗಳಿದ್ದವು. ಹತ್ತಿಯ ದೂಳೂ ಎದೆಗೆ ಒಳ್ಳೆಯದಲ್ಲ. ಆಗ ಅಲ್ಲಿ ದುಡಿದವರು ಈಗ ಮುಪ್ಪಿನಲ್ಲಿದ್ದಾರೆ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಭಾರತದಲ್ಲಿ 1990ರಲ್ಲಿ 2.81 ಕೋಟಿ ಜನರಿಗೆ ಸಿಒಪಿಡಿ ಇತ್ತು. 2016ಕ್ಕೆ ಅದು 5.53 ಕೋಟಿ ಆಯಿತು ಅಂತ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ 2018ರಲ್ಲಿ ಬಂದ ಅಂದಾಜು ಹೇಳುತ್ತದೆ. ಜಗತ್ತಿನ ಜನಸಂಖ್ಯೆಯಲ್ಲಿ ನಮ್ಮ ಪಾಲು ಶೇ 18. ದೀರ್ಘಕಾಲದ ಉಸಿರಾಟದ ಕಾಯಿಲೆಗಳಿಂದ ಆರೋಗ್ಯಕ್ಕೆ ಆಗುವ ನಷ್ಟದಲ್ಲಿ ನಮ್ಮ ಪಾಲು ಶೇ 32.

ಹೊಗೆಯ ಲೆಕ್ಕ ಹಾಕಲು ಒಂದು ಸುಲಭ ದಾರಿ ಇದೆ. ದಿನಕ್ಕೆ ಎಷ್ಟು ಗಂಟೆ ಒಲೆ ಮುಂದೆ ಇದ್ದರು, ಎಷ್ಟು ವರ್ಷ, ಎರಡನ್ನೂ ಗುಣಿಸುವುದು. ದಿನಕ್ಕೆ ಮೂರು ಗಂಟೆಯಂತೆ 25 ವರ್ಷ ಅಡುಗೆ ಮಾಡಿದ್ದರೆ 75. ನಮ್ಮ ಕರ್ನಾಟಕದ್ದೇ, ಮೈಸೂರಿನ ಸಂಶೋಧಕರು ಹಳ್ಳಿಯ ಹೆಣ್ಣುಮಕ್ಕಳನ್ನು ನೋಡಿ, ಈ ಅಂಕ 60 ದಾಟಿದರೆ ದೀರ್ಘಕಾಲದ ಕೆಮ್ಮು ಕಫದ ಕಾಯಿಲೆಯ ಅಪಾಯ ಎದ್ದು ಕಾಣುತ್ತದೆ ಅಂತ 2013ರಲ್ಲಿ ಬರೆದಿದ್ದಾರೆ. ಇದಕ್ಕೆ ಯಂತ್ರ ಬೇಡ, ದುಡ್ಡು ಬೇಡ. ಒಪಿಡಿಯಲ್ಲಿ ಕೂತ ನರ್ಸ್ ಅರ್ಧ ನಿಮಿಷದಲ್ಲಿ ಕೇಳಬಹುದು. ಆದರೆ ಕೆಮ್ಮುತ್ತಾ ಬಂದ ಹೆಂಗಸಿಗೆ ಈ ಪ್ರಶ್ನೆ ಕೇಳಬೇಕು ಅನ್ನುವುದು ಗೊತ್ತಿರಬೇಕಲ್ಲ.

ಕೆಮ್ಮು ಅಂದ ಕೂಡಲೇ ನಮ್ಮ ವ್ಯವಸ್ಥೆ ಟಿಬಿ ಹುಡುಕುತ್ತದೆ. ಅದು ಸರಿಯಾದದ್ದೇ, ಅದನ್ನು ಬಿಡಬಾರದು. ಎರಡು ವಾರ ಕೆಮ್ಮಿದರೆ ಕಫ ಪರೀಕ್ಷೆ ಅನ್ನುವುದು ಎಲ್ಲ ಆಶಾ ಕಾರ್ಯಕರ್ತೆಯರಿಗೂ ಬಾಯಿಪಾಠ. ಅಷ್ಟು ಚೆನ್ನಾಗಿ ಕಲಿಸಿದ್ದೀರಿ. ಹಾಗಿದ್ದ ಮೇಲೆ ಉಳಿದದ್ದನ್ನೂ ಕಲಿಸಬಹುದು ಅನ್ನುವ ನಂಬಿಕೆ ನನಗಿದೆ. ಈಗ ಆಗುತ್ತಿರುವುದು ಏನು ಅಂದರೆ, ಕಫ ನೆಗೆಟಿವ್ ಬಂದ ಮೇಲೆ "ಟಿಬಿ ಇಲ್ಲ, ಹೋಗಿ" ಅಂತ ಕೆಮ್ಮಿನ ಸಿರಪ್ ಕೊಟ್ಟು ಕಳಿಸುತ್ತಾರೆ. ಅವರು ಆ ಸಿರಪ್ ಖಾಲಿ ಆದಾಗಲೆಲ್ಲ ನನ್ನಂಥವರ ಅಂಗಡಿಗೆ ಬರುತ್ತಾರೆ. ಹಿಂದೆ ಟಿಬಿ ಬಂದು ವಾಸಿಯಾದವರಲ್ಲೂ ಎದೆ ಹಾಳಾಗಿ ದಮ್ಮು ಉಳಿಯಬಹುದು. ಅವರಂತೂ ಮತ್ತೆ ಮತ್ತೆ ಟಿಬಿ ಪರೀಕ್ಷೆಗೇ ಓಡಾಡುತ್ತಾರೆ.

ಕಾಯಿಲೆಯನ್ನು ಖಚಿತ ಮಾಡುವುದು ಸ್ಪೈರೋಮೆಟ್ರಿ ಅನ್ನುವ ಊದುವ ಪರೀಕ್ಷೆ. ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟ ಮೇಲೆ, ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಬಂದ ಗಾಳಿಯನ್ನು ಒಟ್ಟು ಬಂದ ಗಾಳಿಯಿಂದ ಭಾಗಿಸಿದರೆ 0.7ಕ್ಕಿಂತ ಕಡಿಮೆ ಬರುತ್ತದೆಯೇ ಅಂತ ನೋಡುತ್ತಾರೆ. ಕೇಳಲು ಸುಲಭ. ಆದರೆ ರೋಗಿ ಪೂರ್ತಿ ಉಸಿರು ಎಳೆದು, ತುಟಿ ಬಿಗಿ ಹಿಡಿದು, ಎದೆ ಖಾಲಿ ಆಗುವ ತನಕ ಊದಬೇಕು. ಸರಿಯಾಗಿ ಬರುವ ತನಕ ಮತ್ತೆ ಮತ್ತೆ ಊದಿಸಬೇಕು. ಪಕ್ಕದಲ್ಲಿ ನಿಂತು "ಊದಿ ಊದಿ ಊದಿ, ಇನ್ನೂ ಊದಿ ಅಮ್ಮಾ" ಅಂತ ಹುರಿದುಂಬಿಸುವವರು ಬೇಕು. ಆ ಪರೀಕ್ಷೆಯ ಬೆಲೆ ಇರುವುದು ಮಷೀನಿನಲ್ಲಿ ಅಷ್ಟೇ ಅಲ್ಲ, ಅದನ್ನು ಮಾಡಿಸುವವರಲ್ಲಿ. ತರಬೇತಿ ಇಲ್ಲದೆ ಮಷೀನ್ ತರಿಸಿದರೆ ಅದು ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಇಲ್ಲವೇ ತಪ್ಪು ಅಂಕಿ ಕೊಡುತ್ತದೆ.

ಮಷೀನ್ ಇಲ್ಲದ ಕಡೆಯೂ ಅನುಮಾನ ಪಡಲು ಸಾಧ್ಯ. ಇಲ್ಲೊಂದು ಸಂಗತಿ ನಿಮ್ಮ ಗಮನಕ್ಕೆ ತರಲೇಬೇಕು. 30 ವರ್ಷ ದಾಟಿದವರ ಮನೆಗೆ ಹೋಗಿ ಆಶಾ ಕಾರ್ಯಕರ್ತೆಯರು ಕಾಯಿಲೆಗಳ ಅಪಾಯ ಗುರುತಿಸುವ ಸಿಬಿಎಸಿ ಅನ್ನುವ ಫಾರ್ಮ್ ತುಂಬುತ್ತಾರೆ. ಅದರಲ್ಲಿ ಸಿಒಪಿಡಿಗೆಂದೇ ಒಂದು ಭಾಗವಿದೆ. ಅಡುಗೆಗೆ ಏನು ಉರಿಸುತ್ತೀರಿ, ಸೌದೆಯೋ, ಬೆರಣಿಯೋ, ಸೀಮೆಎಣ್ಣೆಯೋ, ಗ್ಯಾಸೋ? ಹೊಗೆ, ದೂಳು ಇರುವ ಕಡೆ ಕೆಲಸ ಮಾಡುತ್ತೀರಾ? ಉಸಿರಾಟದ ತೊಂದರೆ ಇದೆಯಾ ಅನ್ನುವುದನ್ನೂ ಅದೇ ಫಾರ್ಮ್ ಕೇಳುತ್ತದೆ. ಅಂದರೆ ಬೇಕಾದ ಮಾಹಿತಿಯನ್ನು ಮನೆಬಾಗಿಲಲ್ಲೇ ಸಂಗ್ರಹ ಮಾಡುತ್ತಿದ್ದೇವೆ. ಬಿಪಿ, ಶುಗರ್ ಜಾಸ್ತಿ ಇದ್ದವರನ್ನು ಆಸ್ಪತ್ರೆಗೆ ಕಳಿಸುತ್ತಾರೆ, ಗುಳಿಗೆ ಶುರುವಾಗುತ್ತದೆ. ನನ್ನ ಅಂಗಡಿಗೆ ಬರುವವರಲ್ಲಿ "ಸೌದೆ ಒಲೆ, ದಮ್ಮು ಇದೆ" ಅಂತ ಬರೆಸಿಕೊಂಡದ್ದಕ್ಕೆ ಆಸ್ಪತ್ರೆಗೆ ಕಳಿಸಿದರು ಅಂತ ಹೇಳಿದ ಒಬ್ಬರೂ ನನಗೆ ಸಿಕ್ಕಿಲ್ಲ. ಮುಂದೆ ಏನು ಮಾಡಬೇಕು ಅಂತ ಆಶಾಗೆ ಹೇಳಿಕೊಡಿ. "ನಿಮ್ಮ ವಾರಿಗೆಯವರ ಜೊತೆ ಸಮನೆಲದಲ್ಲಿ ಸಮನಾಗಿ ನಡೆಯಲು ಆಗುತ್ತಾ? ನಡುವೆ ಉಸಿರಿಗಾಗಿ ನಿಲ್ಲುತ್ತೀರಾ?" ಅಂತ ಒಂದು ಮಾತು ಕೇಳಲಿ. ನಿಲ್ಲುತ್ತೇನೆ ಅಂದವರನ್ನು ಪಿಎಚ್‌ಸಿಗೆ ಕಳಿಸಲಿ. ಕೋವಿಡ್ ಕಾಲದಲ್ಲಿ ಅವರ ಕೈಗೆ ಆಕ್ಸಿಮೀಟರ್ ಕೊಟ್ಟಿದ್ದೀರಿ. ಅದನ್ನು ಈಗಲೂ ಬಳಸಬಹುದು.

ಇನ್ನು ಪಂಪಿನ ವಿಷಯಕ್ಕೆ ಮತ್ತೆ ಬರುತ್ತೇನೆ. ನನ್ನ ಪ್ರಕಾರ ತರಬೇತಿಯ ಅರ್ಧ ಸಮಯ ಇದಕ್ಕೇ ಹೋಗಬೇಕು. ಬೆಣ್ಣೆದೋಸೆ ಹುಯ್ಯುವುದನ್ನು ಪುಸ್ತಕ ಓದಿ ಕಲಿಯಲು ಆಗುವುದಿಲ್ಲ, ಇದೂ ಹಾಗೇ.

ಪಂಪ್ ಮತ್ತು ರೋಟಾಕ್ಯಾಪ್ ಹಾಕುವಂಥ ಪುಡಿಯ ಇನ್‌ಹೇಲರ್, ಎರಡರ ರೀತಿಯೂ ಒಂದಕ್ಕೊಂದು ಉಲ್ಟಾ. ಪಂಪ್ ಆದರೆ ಚೆನ್ನಾಗಿ ಅಲುಗಾಡಿಸಬೇಕು, ಉಸಿರು ಪೂರ್ತಿ ಬಿಡಬೇಕು, ತುಟಿ ಬಿಗಿಯಾಗಿ ಮುಚ್ಚಿ ನಿಧಾನಕ್ಕೆ ಎಳೆಯಲು ಶುರು ಮಾಡಿದ ಕೂಡಲೇ ಒತ್ತಬೇಕು, ಎಳೆಯುತ್ತಲೇ ಇರಬೇಕು, ಆಮೇಲೆ ಹತ್ತು ಸೆಕೆಂಡ್ ಉಸಿರು ಹಿಡಿಯಬೇಕು. ಪುಡಿಯದಾದರೆ ನಿಧಾನ ಮಾಡಿದರೆ ಕೆಟ್ಟಿತು. ಜೋರಾಗಿ, ಆಳವಾಗಿ, ಒಂದೇ ಬಾರಿಗೆ ಎಳೆಯಬೇಕು. ಅದರೊಳಗೆ ಉಸಿರು ಬಿಡಬಾರದು, ಬಿಟ್ಟರೆ ಪುಡಿ ತೇವವಾಗಿ ಅಂಟಿಕೊಳ್ಳುತ್ತದೆ. ಒಂದೇ ರೋಗಿಗೆ ಎರಡೂ ಬರೆದುಕೊಟ್ಟರೆ ಎಷ್ಟು ಗೊಂದಲ ಆಗಬಹುದು ಯೋಚಿಸಿ. ಎಳೆಯುವ ಶಕ್ತಿಯೇ ಇಲ್ಲದ ಮುದುಕರಿಗೆ ಪುಡಿಯ ಇನ್‌ಹೇಲರ್ ಬರೆಯುವುದೂ ನಡೆಯುತ್ತದೆ. ಸ್ಟೀರಾಯ್ಡ್ ಇರುವ ಇನ್‌ಹೇಲರ್ ಆದರೆ ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲದಿದ್ದರೆ ಬಾಯಲ್ಲಿ ಬಿಳಿ ಬೂಷ್ಟು ಬರುತ್ತದೆ. ಆಗ "ಪಂಪ್‌ನಿಂದ ಹುಣ್ಣಾಯ್ತು" ಅಂತ ಊರೆಲ್ಲ ಸುದ್ದಿ ಆಗಿ, ಇನ್ನೂ ನಾಲ್ಕು ಜನ ಬಿಡುತ್ತಾರೆ.

ಪಂಪ್ ಜೊತೆ ಸ್ಪೇಸರ್, ಅಂದರೆ ಪಂಪಿಗೂ ಬಾಯಿಗೂ ನಡುವೆ ಇಟ್ಟುಕೊಳ್ಳುವ ಟೊಳ್ಳು ಡಬ್ಬಿ, ಕೊಟ್ಟರೆ ಒತ್ತುವುದಕ್ಕೂ ಎಳೆಯುವುದಕ್ಕೂ ಹೊಂದಿಸುವ ಕಷ್ಟ ಎಷ್ಟೋ ಕಡಿಮೆ. ಅದನ್ನು ಕೊಳ್ಳಲು ಆಗದವರಿಗೆ ಏನು ಮಾಡುವುದು? ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ ಆಸ್ತಮಾ ಜೋರಾದ ಮಕ್ಕಳಿಗೆ ಅರ್ಧ ಲೀಟರ್ ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ ಸ್ಪೇಸರ್ ಕೊಟ್ಟು ನೋಡಿದರು. ಅಂಗಡಿಯ ಸ್ಪೇಸರ್‌ನಷ್ಟೇ ಚೆನ್ನಾಗಿ ಕೆಲಸ ಮಾಡಿತು ಅಂತ 1999ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದರು. ಬಾಟಲಿಯ ತಳಕ್ಕೆ ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿದರೆ ಆಯಿತು. ಇದನ್ನು ನಮ್ಮ ನರ್ಸುಗಳಿಗೆ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು.

ರೋಗಿಗೆ ಹೇಳಿ ಕಳಿಸಿದರೆ ಸಾಲದು, ಅವರಿಂದ ಮಾಡಿಸಿ ನೋಡಬೇಕು. ತಪ್ಪಿದರೆ ತಿದ್ದಿ ಮತ್ತೆ ಮಾಡಿಸಬೇಕು. ಮುಂದಿನ ಸಲ ಬಂದಾಗಲೂ ಮಾಡಿಸಬೇಕು, ಯಾಕೆಂದರೆ ಕಲಿತದ್ದು ಮರೆಯುತ್ತದೆ. ತರಬೇತಿ ಪಡೆದ ಸಿಬ್ಬಂದಿಗೂ ಇದೇ ಮಾತು. ಒಂದು ಸಲ ಕಲಿಸಿ ಸರ್ಟಿಫಿಕೇಟ್ ಕೊಟ್ಟು ಬಿಟ್ಟರೆ ಉಪಯೋಗವಿಲ್ಲ. ಕೆಲವು ತಿಂಗಳ ಮೇಲೆ ಅವರ ಜಾಗಕ್ಕೇ ಹೋಗಿ, ಸಾಧನ ಕೈಗೆ ಕೊಟ್ಟು ಮಾಡಿಸಿ ನೋಡಬೇಕು.

ಆಕ್ಸಿಜನ್ ವಿಷಯ ಇನ್ನೂ ಗಂಭೀರ. ಕೋವಿಡ್ ಆದ ಮೇಲೆ ಆಕ್ಸಿಜನ್ ಎಷ್ಟು ಜಾಸ್ತಿ ಕೊಟ್ಟರೆ ಅಷ್ಟು ಒಳ್ಳೆಯದು ಅನ್ನುವ ಭಾವನೆ ಜನರಲ್ಲೂ ಇದೆ, ಸಿಬ್ಬಂದಿಯಲ್ಲೂ ಇದೆ. ಸಿಒಪಿಡಿ ಇರುವವರಿಗೆ ಇದು ಅಪಾಯ. ಜಾಸ್ತಿ ಆಕ್ಸಿಜನ್ ಹೋದರೆ ಅವರ ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಏರಿ ಮಂಪರು ಕವಿದು ಪ್ರಾಣಕ್ಕೇ ಕುತ್ತು ಬರಬಹುದು. ಅವರಿಗೆ ಆಕ್ಸಿಮೀಟರ್‌ನಲ್ಲಿ 88ರಿಂದ 92ರ ನಡುವೆ ಇದ್ದರೆ ಸಾಕು. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಆಂಬುಲೆನ್ಸ್ ಸಿಬ್ಬಂದಿಗೆ ಇದನ್ನೇ ಕಲಿಸಿ ನೋಡಿದರು. ಒಂದು ಗುಂಪಿನವರು ಎಂದಿನಂತೆ ಜೋರಾಗಿ ಆಕ್ಸಿಜನ್ ಬಿಟ್ಟರು. ಇನ್ನೊಂದು ಗುಂಪಿನವರು ಅಳೆದು, 88ರಿಂದ 92ರಲ್ಲಿ ನಿಲ್ಲಿಸಿದರು. ಸಿಒಪಿಡಿ ಖಚಿತವಾಗಿದ್ದ ರೋಗಿಗಳಲ್ಲಿ ಮೊದಲ ಗುಂಪಿನಲ್ಲಿ ಶೇ 9 ಜನ ತೀರಿಕೊಂಡರು, ಎರಡನೆಯದರಲ್ಲಿ ಶೇ 2. ಇದು ಪ್ರಕಟವಾದದ್ದು 2010ರಲ್ಲಿ. ಹೊಸ ಔಷಧಿ ಏನೂ ಇಲ್ಲ, ಹೊಸ ಯಂತ್ರವೂ ಇಲ್ಲ. ಆಂಬುಲೆನ್ಸ್‌ನಲ್ಲಿ ಇದ್ದವರಿಗೆ ಒಂದು ಸಂಗತಿ ಗೊತ್ತಿತ್ತು, ಅಷ್ಟೇ. ನಮ್ಮ 108ರ ಹುಡುಗರಿಗೆ, ತಾಲೂಕು ಆಸ್ಪತ್ರೆಯ ಎಮರ್ಜೆನ್ಸಿಯ ನರ್ಸುಗಳಿಗೆ ಇದನ್ನು ಕಲಿಸಲು ಎಷ್ಟು ಹೊತ್ತು ಬೇಕು ಹೇಳಿ. ಹೊನ್ನಾಳಿಯಿಂದಲೋ ಜಗಳೂರಿನಿಂದಲೋ ದಾವಣಗೆರೆಗೆ ಬರುವ ದಾರಿಯಲ್ಲಿ ಆಂಬುಲೆನ್ಸ್ ಒಳಗೆ ಏನು ಮಾಡುತ್ತಾರೆ ಅನ್ನುವುದು ಮುಖ್ಯವಾಗುತ್ತದೆ.

ಇದಕ್ಕೆ ವಿರುದ್ಧವಾದದ್ದೂ ಒಂದಿದೆ. ಸುಮ್ಮನೆ ಕೂತಿದ್ದಾಗಲೂ ಆಕ್ಸಿಜನ್ ಮಟ್ಟ 88 ಅಥವಾ ಅದಕ್ಕಿಂತ ಕೆಳಗೇ ಇರುವವರಿಗೆ ಮನೆಯಲ್ಲಿ ದಿನಕ್ಕೆ ಕನಿಷ್ಠ 15 ಗಂಟೆ ಆಕ್ಸಿಜನ್ ಕೊಟ್ಟರೆ ಆಯಸ್ಸು ಹೆಚ್ಚುತ್ತದೆ ಅನ್ನುವುದು 1980, 1981ರಲ್ಲೇ ಅಮೆರಿಕ ಮತ್ತು ಬ್ರಿಟನ್‌ನ ಅಧ್ಯಯನಗಳಲ್ಲಿ ಸಾಬೀತಾಗಿದೆ. ಕೋವಿಡ್ ಸಮಯದಲ್ಲಿ ಬಂದ, ಗಾಳಿಯಿಂದಲೇ ಆಕ್ಸಿಜನ್ ತೆಗೆದುಕೊಡುವ ಕಾನ್ಸನ್‌ಟ್ರೇಟರ್‌ಗಳನ್ನು ಇಂಥವರಿಗೆ ಕೊಡುವ ಬಗ್ಗೆ ಯೋಚಿಸಬಹುದಲ್ಲವೇ? ಆದರೆ ಯಾರಿಗೆ ಬೇಕು, ಯಾರಿಗೆ ಬೇಡ, ಎಷ್ಟು ಲೀಟರ್, ಪಕ್ಕದಲ್ಲಿ ಬೀಡಿ ಹಚ್ಚಬಾರದು, ಇದೆಲ್ಲ ಹೇಳಿಕೊಡುವ ಕೈ ಇದ್ದರೆ ಮಾತ್ರ.

ದಮ್ಮು ಜೋರಾದಾಗ ಕೊಡುವ ಚಿಕಿತ್ಸೆಯಲ್ಲೂ ಹಳೇ ರೂಢಿ ನಡೆದುಕೊಂಡು ಬಂದಿದೆ. ಒಂದು ಇಂಜೆಕ್ಷನ್, ಒಂದು ಬಾಟಲ್ ಗ್ಲೂಕೋಸ್, ಒಂದು ಆಂಟಿಬಯಾಟಿಕ್. ಜನರೂ ಅದನ್ನೇ ಕೇಳುತ್ತಾರೆ. ಕಫ ಹಳದಿ, ಹಸಿರಾಗಿ ಜಾಸ್ತಿ ಬರದಿದ್ದರೆ ಸಾಮಾನ್ಯವಾಗಿ ಆಂಟಿಬಯಾಟಿಕ್ ಬೇಕಾಗುವುದಿಲ್ಲ. ಸ್ಟೀರಾಯ್ಡ್ ಮಾತ್ರೆ ಬೇಕಾಗುತ್ತದೆ, ಆದರೆ ಐದು ದಿನ ಸಾಕು. ಸ್ವಿಟ್ಜರ್ಲೆಂಡ್‌ನಲ್ಲಿ 314 ರೋಗಿಗಳ ಮೇಲೆ ಐದು ದಿನ ಮತ್ತು ಹದಿನಾಲ್ಕು ದಿನ ಕೊಟ್ಟು ಹೋಲಿಸಿದಾಗ ಐದು ದಿನದ್ದು ಹಿಂದೆ ಬೀಳಲಿಲ್ಲ ಅಂತ 2013ರಲ್ಲಿ ತಿಳಿಯಿತು. ಚೀಟಿಯಲ್ಲಿ "5 ದಿನ ಮಾತ್ರ, ಆಮೇಲೆ ನಿಲ್ಲಿಸಿ" ಅಂತ ಕನ್ನಡದಲ್ಲಿ ಬರೆದರೆ ನನ್ನಂಥವರಿಗೂ ಅದೇ ಚೀಟಿಗೆ ಮತ್ತೆ ಕೊಡುವುದಿಲ್ಲ ಅನ್ನಲು ಬಲ ಬರುತ್ತದೆ.

ನಡಿಗೆ, ಉಸಿರಾಟದ ವ್ಯಾಯಾಮದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ದಮ್ಮು ಇರುವವರನ್ನು ಮನೆಯವರು ಪ್ರೀತಿಯಿಂದಲೇ ಮೂಲೆಯಲ್ಲಿ ಕೂರಿಸುತ್ತಾರೆ. ಕೂತಷ್ಟೂ ಕಾಲಿನ ಶಕ್ತಿ ಹೋಗುತ್ತದೆ, ನಾಲ್ಕು ಹೆಜ್ಜೆಗೇ ಏದುಸಿರು ಬರುತ್ತದೆ. ಅಳೆದು ತೂಗಿ ನಡೆಸುವುದನ್ನು ಫಿಸಿಯೋಥೆರಪಿಸ್ಟ್‌ಗಳಿಂದ ಕಲಿಸಬಹುದು. ವರ್ಷಕ್ಕೊಂದು ಸಲ ಫ್ಲೂ ಲಸಿಕೆ, ನ್ಯುಮೋನಿಯಾದ ಲಸಿಕೆ, ಬೀಡಿ ಬಿಡಿಸುವುದು, ಇವೂ ತರಬೇತಿಯಲ್ಲಿ ಇರಲಿ. ಬೀಡಿ ಬಿಡಿಸುವುದು ಬೈದರೆ ಆಗುವ ಕೆಲಸವಲ್ಲ, ಅದಕ್ಕೂ ಮಾತಾಡುವ ರೀತಿ ಕಲಿಯಬೇಕು.

ಇಷ್ಟೆಲ್ಲ ಕಲಿಸಿದರೆ ಫಲ ಸಿಗುತ್ತದಾ ಅನ್ನುವ ಅನುಮಾನ ಬರಬಹುದು. ಕೆನಡಾದ ಕ್ವಿಬೆಕ್‌ನಲ್ಲಿ ಏಳು ಆಸ್ಪತ್ರೆಗಳ 191 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ, ತರಬೇತಿ ಪಡೆದ ಸಿಬ್ಬಂದಿ ಎರಡು ತಿಂಗಳು ವಾರಕ್ಕೊಮ್ಮೆ ಕಾಯಿಲೆಯನ್ನು ನಿಭಾಯಿಸುವುದು ಹೇಗೆ ಅಂತ ಕಲಿಸಿದರು. ಆಮೇಲೆಯೂ ಪ್ರತಿ ತಿಂಗಳು ಫೋನ್ ಮಾಡಿ ವಿಚಾರಿಸಿಕೊಂಡರು. ಉಳಿದವರಿಗೆ ಮಾಮೂಲಿ ಚಿಕಿತ್ಸೆ ನಡೆಯಿತು. ವರ್ಷ ಕಳೆದು ನೋಡಿದಾಗ ಕಲಿತವರಲ್ಲಿ ದಮ್ಮು ಜೋರಾಗಿ ಆಸ್ಪತ್ರೆ ಸೇರುವುದು ಸುಮಾರು ಶೇ 40ರಷ್ಟು ಕಡಿಮೆಯಾಗಿತ್ತು. ಇದು 2003ರ ಮಾತು. ನಮ್ಮ ಜಿಲ್ಲಾಸ್ಪತ್ರೆಯ ವಾರ್ಡ್‌ಗಳಲ್ಲಿ ಚಳಿಗಾಲದಲ್ಲಿ ಎಷ್ಟು ಹಾಸಿಗೆ ಇಂಥವರಿಂದ ತುಂಬಿರುತ್ತವೆ ಅಂತ ನಿಮಗೇ ಚೆನ್ನಾಗಿ ಗೊತ್ತು.

ಹೊಸದಾಗಿ ಯೋಜನೆ ಮಾಡಬೇಕಾದ ಅಗತ್ಯವೂ ಇಲ್ಲ. 2010ರಲ್ಲಿ ಶುರುವಾದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ 2023ರಲ್ಲಿ ಎನ್‌ಪಿ-ಎನ್‌ಸಿಡಿ ಅನ್ನುವ ಹೊಸ ಹೆಸರಲ್ಲಿ ಬಂದಾಗ ಸಿಒಪಿಡಿ, ಆಸ್ತಮಾ ಎರಡೂ ಅದರೊಳಗೆ ಇವೆ. 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಸಾಲ್ಬುಟಮಾಲ್, ಬುಡೆಸೊನೈಡ್, ಬುಡೆಸೊನೈಡ್ ಜೊತೆ ಫಾರ್ಮೊಟೆರಾಲ್, ಟಿಯೊಟ್ರೋಪಿಯಂ ಅನ್ನುವ ದಮ್ಮಿನ ಔಷಧಿಗಳೆಲ್ಲವೂ ಇವೆ. ಇವು ಪಿಎಚ್‌ಸಿ ತನಕ ತಪ್ಪದೆ ಬರುವಂತೆ ನೋಡಿಕೊಳ್ಳಿ ಅಂತಲೂ ಇದೇ ಪತ್ರದಲ್ಲಿ ಕೇಳಿಕೊಳ್ಳುತ್ತೇನೆ. ಔಷಧಿ ಇಲ್ಲದ ಕಡೆ ತರಬೇತಿ ಪಡೆದವರು ಏನು ತಾನೆ ಮಾಡಲು ಸಾಧ್ಯ?

ಕಲಿಸುವವರು ನಮ್ಮೂರಲ್ಲೇ ಇದ್ದಾರೆ. 1965ರಿಂದ ನಡೆಯುತ್ತಿರುವ ಜೆಜೆಎಂ ವೈದ್ಯಕೀಯ ಕಾಲೇಜು ಇದೆ, ಎಸ್‌ಎಸ್ ವೈದ್ಯಕೀಯ ಕಾಲೇಜು ಇದೆ, ನರ್ಸಿಂಗ್ ಮತ್ತು ಫಾರ್ಮಸಿ ಕಾಲೇಜುಗಳಿವೆ. ಎದೆ ರೋಗದ ತಜ್ಞರು ತಿಂಗಳಿಗೊಂದು ತಾಲೂಕಿಗೆ ಹೋದರೂ ದಾವಣಗೆರೆ, ಹರಿಹರ, ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು, ಆರು ತಿಂಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಔಷಧಿ ಇಲ್ಲದ ಅಭ್ಯಾಸದ ಪಂಪ್‌ಗಳು ಸಿಗುತ್ತವೆ, ಅವನ್ನು ತರಿಸಿ. ಒಂದು ತಂಡದಲ್ಲಿ ಹದಿನೈದು, ಇಪ್ಪತ್ತು ಜನಕ್ಕಿಂತ ಜಾಸ್ತಿ ಬೇಡ, ಇಲ್ಲದಿದ್ದರೆ ಹಿಂದಿನ ಸಾಲಿನವರ ಕೈಗೆ ಏನೂ ಸಿಗುವುದಿಲ್ಲ. ಡಾಕ್ಟರ್, ನರ್ಸ್, ಆಶಾ ಒಂದೇ ಕೋಣೆಯಲ್ಲಿ ಕೂತು ಕಲಿಯಲಿ. ಮೂವರೂ ಬೇರೆ ಬೇರೆ ಮಾತು ಹೇಳಿದರೆ ರೋಗಿ ಮೂವರನ್ನೂ ನಂಬುವುದಿಲ್ಲ. ಆಮೇಲೆ ತಿಂಗಳಿಗೊಮ್ಮೆ ವಿಡಿಯೋ ಕರೆಯಲ್ಲಿ ಪಿಎಚ್‌ಸಿಯವರು ತಮ್ಮ ಕಷ್ಟದ ಕೇಸುಗಳನ್ನು ತಜ್ಞರ ಮುಂದೆ ಇಡಲಿ. ಡಾಕ್ಟರುಗಳಿಗೆ ಇದಕ್ಕೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಸಿಎಂಇ (ಡಾಕ್ಟರುಗಳ ಮುಂದುವರಿದ ಕಲಿಕೆ) ಅಂಕ ಸಿಗುವ ಹಾಗೆ ಮಾಡಿದರೆ ಬರುವ ಉತ್ಸಾಹವೂ ಹೆಚ್ಚುತ್ತದೆ.

"ಪಿಎಚ್‌ಸಿಯಲ್ಲಿ ಅಷ್ಟೊಂದು ಜನರನ್ನು ನೋಡುವಾಗ ಪಂಪ್ ಕಲಿಸುತ್ತಾ ಕೂರಲು ಟೈಮ್ ಎಲ್ಲಿದೆ?" ಅಂತ ಒಬ್ಬ ಯುವ ಡಾಕ್ಟರು ನನ್ನನ್ನು ಕೇಳಿದ್ದಾರೆ. ಅವರ ಮಾತು ನ್ಯಾಯವಾದದ್ದು. ಅದಕ್ಕೇ ಈ ಕೆಲಸ ಡಾಕ್ಟರ ಒಬ್ಬರ ತಲೆ ಮೇಲೆ ಹಾಕಬೇಡಿ ಅನ್ನುತ್ತಿದ್ದೇನೆ. ಅವರು ಬರೆಯಲಿ, ನರ್ಸ್ ಮಾಡಿಸಿ ತೋರಿಸಲಿ, ಔಷಧಿ ಕೊಡುವ ಕಿಟಕಿಯಲ್ಲಿ ಇನ್ನೊಮ್ಮೆ ಮಾಡಿಸಲಿ, ಮನೆಗೆ ಹೋದಾಗ ಆಶಾ ನೋಡಲಿ. ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ. ಖಾಸಗಿ ಔಷಧಿ ಅಂಗಡಿಯವರನ್ನೂ ದಯವಿಟ್ಟು ಬಿಡಬೇಡಿ. ಎಷ್ಟೋ ಜನ ಆಸ್ಪತ್ರೆಗಿಂತ ಮೊದಲು ನಮ್ಮ ಹತ್ತಿರ ಬರುತ್ತಾರೆ, ಆಸ್ಪತ್ರೆಯಿಂದ ಹೊರಟ ಮೇಲೂ ಕೊನೆಗೆ ನಮ್ಮ ಹತ್ತಿರವೇ ಬರುತ್ತಾರೆ. ಆ ಕೊನೆಯ ಕೌಂಟರ್‌ನಲ್ಲಿ ಒಬ್ಬರು ತಿಳಿದವರು ನಿಂತಿದ್ದರೆ ಜಗಳೂರಿನ ಆ ಅಜ್ಜಿ ಅಷ್ಟು ದಿನ ಕ್ಯಾಪ್ಸೂಲ್ ನುಂಗುತ್ತಿರಲಿಲ್ಲ.

ಪ್ರತಿ ವರ್ಷ ನವೆಂಬರ್ ಮೂರನೇ ಬುಧವಾರ ವಿಶ್ವ ಸಿಒಪಿಡಿ ದಿನ. ಮೆಕ್ಕೆಜೋಳದ ದೂಳು, ಅಡಿಕೆ ಒಲೆಯ ಹೊಗೆ, ಚಳಿ ಮೂರೂ ಒಟ್ಟಿಗೆ ಬರುವ ಹೊತ್ತೂ ಹೆಚ್ಚು ಕಡಿಮೆ ಅದೇ. ಆ ದಿನ ಜಾಥಾ, ಬ್ಯಾನರ್ ಇರಲಿ, ಬೇಡ ಅನ್ನುವುದಿಲ್ಲ. ಅದಕ್ಕೂ ಮೊದಲು ಒಂದು ತಾಲೂಕಿನಲ್ಲಾದರೂ ಮೊದಲ ತಂಡದ ತರಬೇತಿ ಮುಗಿದಿರಲಿ ಅನ್ನುವುದು ನನ್ನ ಆಸೆ. ಎಲ್ಲಿಂದ ಶುರು ಮಾಡುವುದು ಅಂತ ಕೇಳಿದರೆ ಜಗಳೂರು ಅನ್ನುತ್ತೇನೆ. ಅಲ್ಲಿಂದ ಬರುವವರು ತೀರಾ ಕೆಟ್ಟ ಸ್ಥಿತಿ ತಲುಪಿದ ಮೇಲೆ ಇಲ್ಲಿಗೆ ಬರುವುದನ್ನು ಕಣ್ಣಾರೆ ನೋಡುತ್ತಿದ್ದೇನೆ. ಎರಡನೆಯದು ಇಲ್ಲೇ, ಮಂಡಕ್ಕಿ ಭಟ್ಟಿಯ ಹತ್ತಿರದ ನಗರ ಆರೋಗ್ಯ ಕೇಂದ್ರ.

ಈ ಪತ್ರಕ್ಕೆ ನಿಮ್ಮಿಂದ ಮೂರು ಉತ್ತರ ಬೇಕು. ಜಿಲ್ಲೆಯಲ್ಲಿ ಕೆಲಸ ಮಾಡುವ ಸ್ಪೈರೋಮೀಟರ್ ಎಲ್ಲೆಲ್ಲಿ ಇವೆ, ಅದನ್ನು ಬಳಸಲು ಬರುವವರು ಯಾರು? ಪಿಎಚ್‌ಸಿಗಳಲ್ಲಿ ಇನ್‌ಹೇಲರ್ ದಾಸ್ತಾನು ಎಷ್ಟಿದೆ? ಮೊದಲ ತರಬೇತಿ ಯಾವ ದಿನ? ಇವನ್ನು ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಿ. ಔಷಧಿ ವ್ಯಾಪಾರಿಗಳನ್ನು ಸೇರಿಸುವ ಕೆಲಸ ನನಗೆ ಬಿಡಿ, ನಮ್ಮ ಭಾಗದ ಅಂಗಡಿಗಳಿಗೆ ನಾನೇ ಹೋಗಿ ಹೇಳುತ್ತೇನೆ. ತರಬೇತಿಗೆ ಭಾನುವಾರ ಇಟ್ಟರೂ ಸರಿ, ಅಂಗಡಿ ಬಾಗಿಲು ಹಾಕಿ ಬರುತ್ತೇನೆ. ಮೊದಲ ತಂಡದಲ್ಲಿ ನನ್ನದೊಂದು ಹೆಸರು ಬರೆದುಕೊಳ್ಳಿ.

ಇಂತಿ ನಿಮ್ಮ ವಿಶ್ವಾಸಿ,
ಹಳೇ ದಾವಣಗೆರೆಯ ಒಬ್ಬ ಫಾರ್ಮಸಿಸ್ಟ್